ಪಿಕಪ್ ಮೇಲೆ ಕ್ಯಾಂಪರ್ ಕೂರಿಸಿದೆ, ಹಿಂಬದಿ ಕುಳಿತುಬಿಟ್ಟಿದೆ. ಪ್ಲೇಟ್ ಹಾಕಿಸೋದಾ, ಏರ್ ಬ್ಯಾಗಾ?

ಸೋಂದಾ ಸವಾರ, ಶಿರಸಿ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಕ್ಯಾಂಪರ್ ಅಂದರೆ ಬೊಲೆರೊ ಕ್ಯಾಂಪರ್ ಅಲ್ಲ. ಕಳೆದ ಸಲ ಹಾಗಂದುಕೊಂಡು ನಾಲ್ಕು ಜನ ಮೈಲೇಜ್ ಕೇಳಿದ್ದರು. ನಾನು ಹೇಳುತ್ತಿರುವುದು ಪಿಕಪ್‌ನ ಹಿಂದಿನ ಬಾಡಿ ಮೇಲೆ ಕೂರಿಸುವ ಡಬ್ಬಿ. ಒಳಗೆ ಇಬ್ಬರು ಮಲಗಬಹುದು, ಒಂದು ಒಲೆ ಇದೆ, ಸಣ್ಣ ಸಿಂಕ್ ಇದೆ. ಬೇಡವೆಂದಾಗ ನಾಲ್ಕು ಮೂಲೆಗೆ ಜಾಕ್ ಕೊಟ್ಟು ಎತ್ತಿ, ಗಾಡಿಯನ್ನು ಅಡಿಯಿಂದ ಮುಂದೆ ತಂದರೆ ಆಯಿತು.

ಗಾಡಿ ಸೆಕೆಂಡ್ ಹ್ಯಾಂಡ್ ಡಬಲ್ ಕ್ಯಾಬ್ ಪಿಕಪ್. ಕಂಪನಿ ಹೆಸರು ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಅರ್ಧ ಜನ ಗಾಡಿಯನ್ನೇ ಬದಲಿಸಿ ಅನ್ನುತ್ತೀರಿ. ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ 5 ಪ್ಲೇಟಿನ ಕಮಾನ್ ಸೆಟ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್. ಆರ್‌ಸಿಯಲ್ಲಿ ಖಾಲಿ ತೂಕ 1,930 ಕಿಲೋ, ಒಟ್ಟು ತೂಕದ ಮಿತಿ 2,700. ಡಬ್ಬಿ ಮಾಡಿಕೊಟ್ಟ ಫ್ಯಾಬ್ರಿಕೇಶನ್‌ನವರು "300 ಕಿಲೋ ಒಳಗೇ ಬರುತ್ತದೆ" ಅಂದಿದ್ದರು. ಹಾಗಾದರೆ ಬೇಕಾದಷ್ಟು ಜಾಗ ಉಳಿಯಿತು ಅಲ್ವಾ ಅಂತ ನಾನೂ ನಿಶ್ಚಿಂತೆಯಿಂದ ಇದ್ದೆ.

ಹೋದ ವಾರ ಮೊದಲ ಸಲ ಹೊರಟೆವು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಗೋಕರ್ಣ, ಅಲ್ಲಿಂದ ಕಾರವಾರದ ದೇವಬಾಗ. ತೊಂದರೆ ಒಂದೆರಡಲ್ಲ. ಹಿಂದಿನ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆದೆ, ಖಾಲಿ ಇದ್ದಾಗ 56 ಸೆಂಟಿಮೀಟರ್ ಇದ್ದದ್ದು ಈಗ 46. ರಸ್ತೆಯ ಪ್ರತಿ ಹಂಪ್‌ಗೂ ಹಿಂದೆ ದಡ್ ಅಂತ ಶಬ್ದ. ಅಡಿಗೆ ಮಲಗಿ ನೋಡಿದರೆ ಬಂಪ್ ಸ್ಟಾಪಿನ ರಬ್ಬರು (ಆಕ್ಸಲ್ ಚಾಸಿಸ್‌ಗೆ ಬಡಿಯದಂತೆ ತಡೆಯುವುದು) ಆಕ್ಸಲ್ ಮೇಲೆ ಒತ್ತಿ ಒತ್ತಿ ಅಲ್ಲಿ ಕಪ್ಪಗೆ ಅಚ್ಚು ಬಿದ್ದಿದೆ. ಸ್ಟೀರಿಂಗ್ ಹಗುರ, ಎಷ್ಟು ಹಗುರ ಅಂದರೆ ಭಯವಾಗುವಷ್ಟು. ರಾತ್ರಿ ಎದುರಿಗೆ ಬಂದವರೆಲ್ಲ ಡಿಪ್ ಡಿಮ್ ಮಾಡಿ ಬೈದರು, ಲೈಟು ಮರದ ತುದಿಗೆ ಹೊಡೆಯುತ್ತಿತ್ತು. ಕಾಳಿ ಸೇತುವೆ ಮೇಲೆ ಒಂದು ಬಸ್ಸು ಎದುರಿಂದ ಹಾದುಹೋದಾಗ ಡಬ್ಬಿ ಆ ಕಡೆ ಈ ಕಡೆ ತೂಗಿತು. ಇಷ್ಟು ಸಾಲದು ಅಂತ ಘಟ್ಟದಲ್ಲಿ ಮುಂದಿನ ಬ್ರೇಕಿನಿಂದ ಸುಟ್ಟ ವಾಸನೆ. ಮನೆಯವಳು ಇನ್ನು ಇದರಲ್ಲಿ ಬರುವುದಿಲ್ಲ ಅಂದಿದ್ದಾಳೆ, ಅದೇ ದೊಡ್ಡ ಸಮಸ್ಯೆ.

ಶಿರಸಿಯ ಗ್ಯಾರೇಜಿನಲ್ಲಿ ಎರಡು ಪ್ಲೇಟ್ ಜಾಸ್ತಿ ಹಾಕಿ ಅಂದರು. ಹುಬ್ಬಳ್ಳಿಯ ಒಬ್ಬರು ಏರ್ ಬ್ಯಾಗ್ (ಸ್ಪ್ರಿಂಗಿಗೆ ಆಸರೆಯಾಗಿ ಆಕ್ಸಲ್ ಮೇಲೆ ಕೂರಿಸುವ ಗಾಳಿ ಚೀಲ) ಸಾಕು ಅಂದರು. ಅಮೆರಿಕದವರ ವಿಡಿಯೋಗಳಲ್ಲೂ ಎಲ್ಲರೂ ಏರ್ ಬ್ಯಾಗೇ ಹಾಕುತ್ತಾರೆ. ಯಾವುದು ಸರಿ?

ಬೈತಖೋಲ್ ಬರ್ಫ, ಕಾರವಾರ

ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ಎರಡು ಪ್ಲೇಟ್ ಹಾಕಿಸಿ, ಮುಗಿಯಿತು. ನಾನು ಹನ್ನೆರಡು ವರ್ಷದಿಂದ ಪಿಕಪ್‌ನಲ್ಲಿ ಮೀನು, ಬರ್ಫ ಹೊಡೆಯುತ್ತಿದ್ದೇನೆ. ಬಂದರಿನಲ್ಲಿ ಕ್ರೇಟ್ ತುಂಬುವಾಗ ಯಾರೂ ಆರ್‌ಸಿ ತೆಗೆದು ನೋಡುವುದಿಲ್ಲ. ಪ್ಲೇಟ್ ಗಟ್ಟಿ ಇದ್ದರೆ ಗಾಡಿ ಗಟ್ಟಿ.

ಒಂದೇ ಮಾತು, ಹಳೆಯ ಲಾರಿ ಪ್ಲೇಟನ್ನು ಗ್ಯಾಸಿನಲ್ಲಿ ಕತ್ತರಿಸಿ ಹಾಕುತ್ತೇವೆ ಅಂದರೆ ಒಪ್ಪಬೇಡಿ. ನಂದು ಅರ್ಗಾ ಹತ್ತಿರ ಕತ್ತರಿಸಿದ ಜಾಗದಲ್ಲೇ ತುಂಡಾಯಿತು. ಮೀನು ಹಾಳಾಗಬಾರದು ಅಂತ ಇನ್ನೊಂದು ಗಾಡಿಗೆ ತುಂಬಿಸುವಷ್ಟರಲ್ಲಿ ಅರ್ಧ ಬರ್ಫ ಕರಗಿ ರಸ್ತೆಗೆ ಹೋಗಿತ್ತು. ಹೊಸ ಪ್ಲೇಟೇ ತನ್ನಿ. ಮತ್ತೆ ಕರಾವಳಿಯ ಗಾಳಿಗೆ, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ತುಕ್ಕು ಹಿಡಿಯುತ್ತದೆ, ಅದನ್ನೂ ಹೊಸದೇ ಹಾಕಿಸಿ.

ಹಳೇ ಪಾನಾ, ಶಿರಸಿ

ಬರ್ಫದವರು ಪ್ಲೇಟಿನ ವಿಷಯದಲ್ಲಿ ಹೇಳಿದ್ದು ಸರಿ, ಆದರೆ ಅವರ ಗಾಡಿಗೂ ನಿಮ್ಮ ಗಾಡಿಗೂ ಒಂದು ವ್ಯತ್ಯಾಸ ಇದೆ. ಮೀನಿನ ಗಾಡಿ, ಅಡಿಕೆ ಚೀಲದ ಗಾಡಿ ಹೋಗುವಾಗ ತುಂಬಿರುತ್ತದೆ, ಬರುವಾಗ ಖಾಲಿ. ಲೋಡೂ ಬಾಡಿಯ ಮಟ್ಟದಲ್ಲಿ, ಕೆಳಗೇ ಇರುತ್ತದೆ. ನಿಮ್ಮದು ತಲೆಗಿಂತ ಎತ್ತರದ ಡಬ್ಬಿ, ಹೊರಟಲ್ಲಿಂದ ಮನೆಗೆ ಬರುವವರೆಗೆ ಇಳಿಯುವುದಿಲ್ಲ. ಸ್ಪ್ರಿಂಗಿಗೆ ರಜೆಯೇ ಇಲ್ಲ.

ಪ್ಲೇಟೂ ಬೇಡ, ಬ್ಯಾಗೂ ಬೇಡ, ಮೊದಲು ವೇಬ್ರಿಜ್‌ಗೆ ಹೋಗಿ. ಸುಮ್ನೆ ಹೇಳುತ್ತಿಲ್ಲ. 300 ಕಿಲೋ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಎಂಟು ಬೈ ನಾಲ್ಕರ 12 ಎಂಎಂ ಪ್ಲೈವುಡ್ ಒಂದು ಶೀಟೇ 20 ಕಿಲೋ ಆಸುಪಾಸು ಬರುತ್ತದೆ. ನಿಮ್ಮ ಡಬ್ಬಿಗೆ ಎಷ್ಟು ಶೀಟ್ ಹೋಗಿದೆ ಎಣಿಸಿ. ನೀರು ಲೀಟರಿಗೆ ಒಂದು ಕಿಲೋ, ಅದಕ್ಕೆ ಯಾವ ಫ್ಯಾಬ್ರಿಕೇಶನ್‌ನವರೂ ಲೆಕ್ಕ ಹಾಕುವುದಿಲ್ಲ. ಮನೆಯ ಗ್ಯಾಸ್ ಸಿಲಿಂಡರ್ ತಂದಿದ್ದರೆ ಅದರೊಳಗಿನ ಗ್ಯಾಸೇ 14.2 ಕಿಲೋ, ಖಾಲಿ ಸಿಲಿಂಡರಿನ ತೂಕ ಸೇರಿ 30ರ ಹತ್ತಿರ. ಇನ್ವರ್ಟರ್ ಬ್ಯಾಟರಿ ಇಟ್ಟಿದ್ದೀರಾ?

ಹೋಗುವಾಗ ಟ್ಯಾಂಕಿ ತುಂಬ ಡೀಸೆಲ್, ತುಂಬ ನೀರು, ಇಬ್ಬರೂ ಕುಳಿತು, ಟೂರಿಗೆ ಹೊರಟ ಹಾಗೆಯೇ ಹೋಗಿ. ಮೂರು ಸಲ ತೂಕ ಮಾಡಿಸಿ. ಇಡೀ ಗಾಡಿ ಒಮ್ಮೆ, ಮುಂದಿನ ಚಕ್ರ ಮಾತ್ರ ಹಲಗೆ ಮೇಲಿಟ್ಟು ಒಮ್ಮೆ, ಹಿಂದಿನದು ಮಾತ್ರ ಒಮ್ಮೆ. ಹಲಗೆಗೂ ನೆಲಕ್ಕೂ ಮಟ್ಟ ಒಂದೇ ಇರಬೇಕು, ಇಲ್ಲದಿದ್ದರೆ ಒಂದೊಂದೇ ಆಕ್ಸಲ್ಲಿನ ಲೆಕ್ಕ ತಪ್ಪುತ್ತದೆ.

ಯಾಕೆ ಬೇರೆ ಬೇರೆ ಅಂದರೆ, ನಿಮ್ಮ ಸ್ಟೀರಿಂಗ್ ಹಗುರ ಆಗಿದ್ದು ಹಿಂದೆ ಭಾರ ಆದದ್ದರಿಂದ ಮಾತ್ರ ಅಲ್ಲ, ಭಾರ ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇರುವುದರಿಂದ. ಏತದ ಲೆಕ್ಕವೇ ಇದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ ಅಂತ ಇಟ್ಟುಕೊಳ್ಳಿ. ಹಿಂದಿನ ಆಕ್ಸಲಿನಿಂದ 1 ಮೀಟರ್ ಹಿಂದೆ 100 ಕಿಲೋ ಇಟ್ಟರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಅಲ್ಲ, 133. ಆ 33 ಮುಂದಿನ ಚಕ್ರಗಳಿಂದ ಎತ್ತಿಕೊಂಡದ್ದು. ಡಬಲ್ ಕ್ಯಾಬಿನ ಬಾಡಿ ಐದೇ ಅಡಿ, ಅದರಲ್ಲಿ ಆಕ್ಸಲ್ಲಿಗಿಂತ ಮುಂದಿನ ಜಾಗ ಸ್ವಲ್ಪವೇ. ಡಬ್ಬಿಯನ್ನು ಹಿಂದಕ್ಕೆ ಚಾಚಿ ಕಟ್ಟಿದರೆ ಹೀಗೇ ಆಗುವುದು.

ಇನ್ನು ಸ್ಪ್ರಿಂಗ್ ಬದಲಿಸಿದರೆ ಗಾಡಿಯ ಮಿತಿ ಏರುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಚಾಸಿಸ್, ಟೈರ್ ಎಲ್ಲ ಹಳೆಯವೇ. ಪ್ಲೇಟ್ ಹಾಕಿದ ಗಾಡಿ ನೆಟ್ಟಗೆ ನಿಲ್ಲುತ್ತದೆ, ಭಾರ ಹಾಗೆಯೇ ಇರುತ್ತದೆ. ಟೈರಿನ ಪಕ್ಕದಲ್ಲಿ ಸೈಜಿನ ನಂತರ ಒಂದು ನಂಬರ್ ಇರುತ್ತದೆ, ಓದಿ. 112 ಅಂದರೆ ಒಂದು ಟೈರಿಗೆ 1,120 ಕಿಲೋ, 109 ಅಂದರೆ 1,030.

ಸುಟ್ಟ ವಾಸನೆಯ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತರಿಸಿದ್ದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲಿನಿಂದ ಚಾಸಿಸ್‌ಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ. ಅದರ ಮೇಲುತುದಿಯಲ್ಲಿ ಒಂದು ವಾಲ್ವ್, ಎಲ್‌ಎಸ್‌ಪಿವಿ ಅನ್ನುತ್ತಾರೆ. ಗಾಡಿ ಕುಳಿತರೆ ಕಡ್ಡಿ ವಾಲ್ವನ್ನು ಒತ್ತುತ್ತದೆ, ಓಹೋ ಲೋಡ್ ಇದೆ ಅಂತ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಗಾಡಿ ಎದ್ದು ನಿಂತಿದ್ದರೆ ಖಾಲಿ ಅಂದುಕೊಂಡು ಕಡಿಮೆ ಮಾಡುತ್ತದೆ, ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಬಾರದಲ್ಲ. ಈಗ ಯೋಚಿಸಿ. ನೀವು ಎರಡು ಪ್ಲೇಟ್ ಹಾಕಿ ಗಾಡಿಯನ್ನು ಹತ್ತು ಸೆಂಟಿಮೀಟರ್ ಎತ್ತಿದರೆ ವಾಲ್ವ್ ಏನಂದುಕೊಳ್ಳುತ್ತದೆ? ಗಾಡಿ ತುಂಬಿದೆ, ಅದಕ್ಕೆ ಮಾತ್ರ ಖಾಲಿ ಕಾಣುತ್ತದೆ. ಹಿಂದಿನ ಬ್ರೇಕ್ ಅರ್ಧ ಮನಸ್ಸಿನಿಂದ ಹಿಡಿಯುತ್ತದೆ, ಎಲ್ಲ ಕೆಲಸ ಮುಂದಿನ ಪ್ಯಾಡಿನ ಮೇಲೆ. ಪ್ಲೇಟ್ ಹಾಕಿಸಿದವರು ಆ ಕಡ್ಡಿಯನ್ನೂ ಹೊಸ ಎತ್ತರಕ್ಕೆ ಹೊಂದಿಸಲೇಬೇಕು. ಗ್ಯಾರೇಜಿನಲ್ಲಿ ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ "ಅದೇನೂ ಆಗಲ್ಲ" ಅನ್ನುತ್ತಾರೆ.

ಆದರೆ ನಿಮ್ಮ ಗಾಡಿ ಈಗಾಗಲೇ ಕುಳಿತಿದೆ, ಆದರೂ ಮುಂದಿನದೇ ಸುಡುತ್ತಿದೆ. ಒಮ್ಮೆ ಅಡಿಗೆ ಮಲಗಿ ಆ ಕಡ್ಡಿ ಹೇಗಿದೆ ನೋಡಿ. ಘಟ್ಟವನ್ನು ಯಾವ ಗೇರಿನಲ್ಲಿ ಇಳಿದಿರಿ ಅಂತಲೂ ಹೇಳಿ.

ಶರಾವತಿ ದಂಡೆ, ಹೊನ್ನಾವರ

ಏರ್ ಬ್ಯಾಗ್ ಬಗ್ಗೆ ನಾನು ಹೇಳುತ್ತೇನೆ, ಹಾಕಿಸಿ ಕೈ ಸುಟ್ಟುಕೊಂಡವನು.

ಬ್ಯಾಗ್ ಕೆಟ್ಟದ್ದಲ್ಲ. ಗಾಳಿ ತುಂಬಿದರೆ ಗಾಡಿ ಮೇಲೇಳುತ್ತದೆ, ಲೋಡ್ ಇಳಿಸಿದ ಮೇಲೆ ಗಾಳಿ ಬಿಟ್ಟರೆ ಮೊದಲಿನ ಹಾಗೆ ಮೆತ್ತಗೆ. ಅಮೆರಿಕದವರಿಗೆ ಅದು ಸರಿ. ಅವರ ಕ್ಯಾಂಪರ್ ಕೂರುವುದು ಎಂಟು ಅಡಿ ಬಾಡಿಯ, ಒಂದು ಟನ್ ವರ್ಗದ ಪಿಕಪ್‌ಗಳ ಮೇಲೆ. ಕೆಲವಕ್ಕೆ ಹಿಂದೆ ನಾಲ್ಕು ಚಕ್ರ. ಭಾರ ಆಕ್ಸಲಿನ ಮೇಲೆ, ಇಲ್ಲವೇ ಅದಕ್ಕಿಂತ ಸ್ವಲ್ಪ ಮುಂದೆಯೇ ಕೂರುತ್ತದೆ. ನಮ್ಮದು ಆ ಗಾತ್ರದ್ದೇ ಅಲ್ಲ. ನಮಗೆ ಹತ್ತಿರದ ಉದಾಹರಣೆ ಆಸ್ಟ್ರೇಲಿಯಾ. ಅಲ್ಲಿ ಡಬಲ್ ಕ್ಯಾಬ್ ಪಿಕಪ್‌ಗೆ ಏರ್ ಬ್ಯಾಗ್ ಹಾಕಿ, ಹಿಂದೆ ಭಾರ ಚಾಚಿಕೊಂಡು ಹೋಗಿ ಚಾಸಿಸ್ ಬಾಗಿಸಿಕೊಂಡವರ ಫೋಟೋ ಬೇಕಾದಷ್ಟು ಸಿಗುತ್ತವೆ.

ಕಾರಣ ಸುಲಭ. ಕಮಾನ್ ಪ್ಲೇಟು ಭಾರವನ್ನು ಚಾಸಿಸ್‌ನ ಎರಡು ಕಡೆ ಹಂಚುತ್ತದೆ, ಮುಂದಿನ ಹ್ಯಾಂಗರ್ ಒಂದು, ಹಿಂದಿನ ಶ್ಯಾಕಲ್ ಒಂದು, ನಡುವೆ ಒಂದು ಮೀಟರಿಗಿಂತ ಜಾಸ್ತಿ ಅಂತರ. ಬ್ಯಾಗು ಆಕ್ಸಲಿನ ನೇರ ಮೇಲೆ ಒಂದೇ ಜಾಗದಲ್ಲಿ ಕೆಳಗಿನಿಂದ ಗುದ್ದುತ್ತದೆ. ಹಿಂದೆ ಡಬ್ಬಿ ಕೆಳಕ್ಕೆ ಎಳೆಯುತ್ತದೆ, ಮುಂದೆ ಇಂಜಿನ್ ಎಳೆಯುತ್ತದೆ, ನಡುವೆ ಬ್ಯಾಗು ಎತ್ತುತ್ತದೆ. ಮೊಣಕಾಲಿಗೆ ಕೊಟ್ಟು ಕೋಲು ಮುರಿದ ಹಾಗೆ.

ನನಗೆ ಗೊತ್ತಾದದ್ದು ಹೇಗೆ ಗೊತ್ತಾ? ಕ್ಯಾಬಿಗೂ ಹಿಂದಿನ ಬಾಡಿಗೂ ನಡುವೆ ಒಂದು ಸಂದು ಇರುತ್ತದಲ್ಲ. ಒಂದು ದಿನ ತೊಳೆಯುವಾಗ ನೋಡುತ್ತೇನೆ, ಸಂದಿನ ಕೆಳಗೆ ಎರಡು ಬೆರಳು ಹೋಗುತ್ತದೆ, ಮೇಲೆ ಮೂರು. ಮೊದಲು ಬಾಡಿ ಬೋಲ್ಟ್ ಸಡಿಲ ಆಗಿದೆ ಅಂದುಕೊಂಡೆ. ಮೆಕ್ಯಾನಿಕ್ ಮಣ್ಣು ಕೆರೆದು ತೋರಿಸಿದರು, ಬ್ಯಾಗಿನ ಬ್ರಾಕೆಟ್ ಮೇಲೆ ಚಾಸಿಸ್‌ನಲ್ಲಿ ಕೂದಲೆಳೆಯಂಥ ಬಿರುಕು, ಅದರ ಉದ್ದಕ್ಕೂ ಕೆಂಪು ತುಕ್ಕಿನ ಗೆರೆ. ಗೇರುಸೊಪ್ಪೆ ಘಟ್ಟದ ಹೊಂಡಗಳಲ್ಲಿ ಎರಡು ಮಳೆಗಾಲ ಓಡಿಸಿದ ಫಲ. ಹಾಕಿಕೊಟ್ಟವರು ನಮಗೆ ಸಂಬಂಧವೇ ಇಲ್ಲ ಅಂದರು, ಅದು ಬೇರೆ ಕಥೆ.

ಹಾಕಿಸುವುದೇ ಆದರೆ ಎರಡೂ ಬ್ಯಾಗಿಗೆ ಬೇರೆ ಬೇರೆ ಗಾಳಿ ಪೈಪ್ ಹಾಕಿಸಿ. ಒಂದೇ ಪೈಪಿಗೆ ಟಿ ಹಾಕಿ ಜೋಡಿಸಿದರೆ ತಿರುವಿನಲ್ಲಿ ಹೊರಗಡೆಯ ಬ್ಯಾಗಿನ ಗಾಳಿ ಒಳಗಡೆಗೆ ಓಡುತ್ತದೆ, ಗಾಡಿ ಇನ್ನೂ ಜಾಸ್ತಿ ವಾಲುತ್ತದೆ. ನಿಮ್ಮ ಕಾಳಿ ಸೇತುವೆಯ ತೂಗಾಟಕ್ಕೆ ಬ್ಯಾಗು ಮದ್ದಲ್ಲ. ಅದಕ್ಕೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಬೇಕು, ಹಿಂದೆ ಆ್ಯಂಟಿ ರೋಲ್ ಬಾರ್ (ಗಾಡಿ ವಾಲದಂತೆ ತಡೆಯುವ ಸರಳು) ಹಾಕಲು ಆದರೆ ಇನ್ನೂ ಒಳ್ಳೆಯದು, ಮತ್ತೆ ಡಬ್ಬಿಯನ್ನು ಬಿಗಿಯಾಗಿ ಕಟ್ಟಿದ್ದೀರಾ ನೋಡಿ. ಬಾಡಿಯ ತಗಡಿಗೆ ಕಟ್ಟಿದರೆ ತಗಡೇ ಆಡುತ್ತದೆ, ಚಾಸಿಸ್‌ನಿಂದ ಬಂದ ಕೊಂಡಿಗೆ ಟರ್ನ್ ಬಕಲ್ ಹಾಕಿ ಬಿಗಿಯಬೇಕು.

ಕಾಗದಪತ್ರ, ಕುಮಟಾ

ಯಾರೂ ಹೇಳದ ವಿಷಯ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ. ಒಟ್ಟು ತೂಕ ಮೀರಿದರೆ 194ನೇ ಸೆಕ್ಷನ್, ಕೇಂದ್ರದ ಕಾಯ್ದೆಯಲ್ಲಿ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಡಬ್ಬಿಯನ್ನು ಖಾಯಂ ಆಗಿ ಕೂರಿಸಿ ಮೋಟಾರ್ ಕ್ಯಾರವಾನ್ ಮಾಡುವುದಾದರೆ ಎಐಎಸ್ 124 ಅನ್ನುವ ಬೇರೆಯೇ ಮಾನದಂಡ ಇದೆ. ನಿಮ್ಮದು ಎತ್ತಿಡುವಂಥದ್ದು, ಆದರೂ ಶಿರಸಿ ಆರ್‌ಟಿಒದಲ್ಲಿ ಒಮ್ಮೆ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ. ಗಾಡಿ ಓಡುವಾಗ ಒಳಗೆ ಯಾರನ್ನೂ ಮಲಗಿಸಬೇಡಿ. ಅಪಘಾತ ಆದರೆ ವಿಮೆಯವರು ಮೊದಲು ನೋಡುವುದು ಇವನ್ನೇ.

ಸೋಂದಾ ಸವಾರ, ಶಿರಸಿ

ವೇಬ್ರಿಜ್‌ಗೆ ಹೋಗಿ ಬಂದೆ. ಮರ್ಯಾದೆ ಹೋಯಿತು.

ಒಟ್ಟು 2,860. ಮುಂದೆ 1,080, ಹಿಂದೆ 1,780. ಆರ್‌ಸಿಗಿಂತ 160 ಕಿಲೋ ಜಾಸ್ತಿ. ಚೀಟಿ ಕೊಡುವ ಹುಡುಗ "ಏನು ಸಾರ್, ಒಳಗೆ ಅಡಿಕೆಯಾ?" ಅಂದ.

ಮನೆಗೆ ಬಂದು ಎಲ್ಲ ಇಳಿಸಿ ಅಡಿಕೆ ತೂಗುವ ತಕ್ಕಡಿಯಲ್ಲೇ ಒಂದೊಂದಾಗಿ ತೂಗಿದೆ. ನೀರು 100. ಇನ್ವರ್ಟರ್ ಬ್ಯಾಟರಿ ಎರಡು, ಸೇರಿ 110, ಅದೂ ಎಲ್ಲಿ, ಹಿಂದಿನ ಬಾಗಿಲ ಪಕ್ಕ. ನೀರಿನ ಟ್ಯಾಂಕೂ ಹಿಂದೆಯೇ. ಸಿಂಕು ಹಿಂದಿದೆ, ಪೈಪು ಉಳಿಯುತ್ತದೆ ಅಂತ ನಾನೇ ಅಲ್ಲಿ ಇಡಿಸಿದ್ದು. ಸಿಲಿಂಡರ್, ಪಾತ್ರೆ, ಹಾಸಿಗೆ, ಸಾಮಾನು ಎಲ್ಲ ಸೇರಿ 100. ಹಾಗಾದರೆ ಖಾಲಿ ಗಾಡಿ, ನಾವಿಬ್ಬರು, ಡೀಸೆಲ್ ಎಲ್ಲ ಕಳೆದು ಡಬ್ಬಿ ಒಂದೇ 430 ಬರುತ್ತದೆ. ಫ್ಯಾಬ್ರಿಕೇಶನ್‌ನವರಿಗೆ ಫೋನ್ ಮಾಡಿದರೆ "ನಾವು ಹೇಳಿದ್ದು ಫ್ರೇಮ್ ಮಾತ್ರ" ಅನ್ನುತ್ತಾರೆ.

ಹಳೇ ಪಾನಾ ಅವರೇ, ಘಟ್ಟ ಇಳಿದದ್ದು ನಾಲ್ಕನೇ ಗೇರಿನಲ್ಲಿ, ಕೆಲವು ಕಡೆ ಮೂರು. ಬೈಯಬೇಡಿ.

ಆಮೇಲೆ ಆ ಕಡ್ಡಿ. ಟಾರ್ಚ್ ಹಿಡಿದು ಅಡಿಗೆ ಹೋದೆ. ವಾಲ್ವ್ ಸಿಕ್ಕಿತು. ಕಡ್ಡಿಯ ಮೇಲಿನ ತುದಿ ಸರಿ ಇದೆ. ಕೆಳಗಿನ ತುದಿ ಆಕ್ಸಲ್ಲಿಗೆ ಇರಬೇಕಲ್ಲ, ಇಲ್ಲ. ಬ್ರಾಕೆಟ್ ಮುರಿದಿದೆ. ಕಡ್ಡಿ ಅಲ್ಲಾಡಿ ಶಬ್ದ ಮಾಡಬಾರದು ಅಂತ ಯಾರೋ ಪುಣ್ಯಾತ್ಮರು ಸೆಂಟ್ರಿಂಗ್ ಕಟ್ಟುವ ಬೈಂಡಿಂಗ್ ವೈರಿನಲ್ಲಿ ಅದನ್ನು ಚಾಸಿಸ್‌ಗೆ ಬಿಗಿದು, ತುದಿಯನ್ನು ಇಕ್ಕಳದಲ್ಲಿ ಚೆಂದವಾಗಿ ತಿರುಚಿಟ್ಟಿದ್ದಾರೆ. ವೈರಿನ ಮೇಲೆ ಮಣ್ಣು ಕಟ್ಟಿ ಗಟ್ಟಿಯಾಗಿದೆ, ಅಂದರೆ ನಾನು ಗಾಡಿ ತಗೊಳ್ಳುವ ಮೊದಲಿನದು.

ಹಳೇ ಪಾನಾ, ಶಿರಸಿ

ಹಾಗಾದರೆ ನಿಮ್ಮ ವಾಲ್ವ್ ಇಷ್ಟು ದಿನ ಗಾಡಿ ಖಾಲಿ ಅಂತಲೇ ತಿಳಿದುಕೊಂಡಿತ್ತು. 1,780 ಕಿಲೋ ಹೊತ್ತ ಆಕ್ಸಲ್ಲಿಗೆ ಖಾಲಿ ಗಾಡಿಯ ಬ್ರೇಕ್. ಶಿರಸಿಯ ಸುಮಾರು 600 ಮೀಟರ್ ಎತ್ತರದಿಂದ ಕುಮಟಾದ ಸಮುದ್ರದವರೆಗೆ, ನಾಲ್ಕನೇ ಗೇರಿನಲ್ಲಿ. ದೇವರು ದೊಡ್ಡವನು ಅಂತ ಹೇಳಿ ಮುಂದಕ್ಕೆ ಹೋಗುತ್ತೇನೆ.

ಮೊದಲು ಆ ಬ್ರಾಕೆಟ್. ಮುಂದಿನ ಪ್ಯಾಡ್, ಡಿಸ್ಕ್ ಬಿಚ್ಚಿ ನೋಡಿಸಿ, ಬ್ರೇಕ್ ಆಯಿಲ್ ಬದಲಿಸಿ. ಸುಟ್ಟ ವಾಸನೆ ಬಂದ ಮೇಲೆ ಹಳೆಯ ಆಯಿಲ್ ನಂಬಬಾರದು. ಎರಡನೆಯದು ಭಾರ ಇಳಿಸಿ, ಉಳಿದದ್ದನ್ನು ಕ್ಯಾಬಿನ ಕಡೆಗೆ ತಳ್ಳಿ. ಅಷ್ಟು ಮಾಡಿ ಮತ್ತೆ ತೂಕ ಮಾಡಿಸಿದ ಮೇಲೆ ಪ್ಲೇಟಿನ ಮಾತು.

ಪ್ಲೇಟ್ ಬೇಕೇ ಬೇಕು, ಅದರಲ್ಲಿ ಬರ್ಫದವರ ಜೊತೆ ನಾನೂ ಇದ್ದೇನೆ. ಆದರೆ ಒಂದೊಂದು ಕಡೆಗೆ ಎರಡಲ್ಲ, ಒಂದು. ಎರಡು ಹಾಕಿದರೆ ಡಬ್ಬಿ ಇಳಿಸಿದ ದಿನ ಗಾಡಿ ಎತ್ತಿನಗಾಡಿ ಆಗುತ್ತದೆ. ನಿಮ್ಮ ಸೆಟ್ಟಿಗೆ ಸರಿಯಾದ ಅಗಲದ ಹೊಸ ಪ್ಲೇಟು, ಜೊತೆಗೆ ಉದ್ದದ ಹೊಸ ಯು ಬೋಲ್ಟ್, ಹೊಸ ಸೆಂಟರ್ ಬೋಲ್ಟ್, ಬುಷ್. ಬುಷ್‌ನ ಬೋಲ್ಟನ್ನು ಗಾಡಿ ಜಾಕ್ ಮೇಲಿದ್ದಾಗ ಬಿಗಿಯಲು ಬಿಡಬೇಡಿ, ಚಕ್ರ ನೆಲಕ್ಕೆ ಇಳಿದ ಮೇಲೆ ಕೊನೆಯ ಬಿಗಿ, ಇಲ್ಲದಿದ್ದರೆ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಯು ಬೋಲ್ಟನ್ನು 100 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಒಮ್ಮೆ ಮತ್ತೆ ಬಿಗಿಸಿ. ಹಳೆಯ ಪ್ಲೇಟನ್ನೇ ಕೆಂಪಗೆ ಕಾಯಿಸಿ ಬಡಿದು ಕಮಾನು ಏರಿಸಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಕತ್ತಿಯನ್ನು ಒಲೆಗೆ ಹಾಕಿದರೆ ಹದ ಹೋಗುತ್ತದಲ್ಲ, ಹಾಗೇ ಇದೂ. ಆರು ತಿಂಗಳಲ್ಲಿ ಮತ್ತೆ ಕೂರುತ್ತದೆ. ಶಾಕ್ ಅಬ್ಸಾರ್ಬರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಸ್ಪ್ರಿಂಗ್ ಗಟ್ಟಿಯಾದಷ್ಟೂ ಅದನ್ನು ಹಿಡಿದಿಡಲು ಶಾಕ್ ಗಟ್ಟಿ ಬೇಕು.

ಬೈತಖೋಲ್ ಬರ್ಫ, ಕಾರವಾರ

ಇದನ್ನೆಲ್ಲ ಓದಿ ನಾನೂ ನನ್ನ ಗಾಡಿಯ ಅಡಿಗೆ ಹೋಗಿ ನೋಡಿದೆ. ಕಡ್ಡಿಯೇ ಇಲ್ಲ. ಇತ್ತೋ ಇಲ್ಲವೋ ಅದೂ ನೆನಪಿಲ್ಲ. ಎಲ್ಲ ಗಾಡಿಗೂ ಇರುತ್ತದಾ?

ಹಳೇ ಪಾನಾ, ಶಿರಸಿ

ಇರಲೇಬೇಕು ಅಂತಿಲ್ಲ. ಎಬಿಎಸ್ ಇರುವ ಹೊಸ ಗಾಡಿಗಳಲ್ಲಿ ಆ ಕೆಲಸವನ್ನು ಎಲೆಕ್ಟ್ರಾನಿಕ್ಸೇ ಮಾಡುವುದುಂಟು. ಹಿಂದಿನ ಡಿಫರೆನ್ಷಿಯಲ್ ಹತ್ತಿರ ಖಾಲಿ ಬ್ರಾಕೆಟ್ ನೇತಾಡುತ್ತಿದೆಯಾ ನೋಡಿ, ಇದ್ದರೆ ಕಡ್ಡಿ ಇತ್ತು ಅಂತ ಅರ್ಥ. ಮತ್ತೆ ಆ ಬರ್ಫದ ಉಪ್ಪುನೀರು ಬ್ರೇಕ್ ಪೈಪಿನ ಮೇಲೆ ಸೋರುತ್ತಿದ್ದರೆ ಪೈಪನ್ನೂ ನೋಡಿಸಿ ಮಾರಾಯ್ರೆ.

ಸೋಂದಾ ಸವಾರ, ಶಿರಸಿ

ಮೂರು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಬ್ಯಾಟರಿ ಎರಡನ್ನೂ ತೆಗೆದು 12 ಕಿಲೋದ ಒಂದು ಲಿಥಿಯಂ ಹಾಕಿದೆ, ಕ್ಯಾಬಿನ ಹಿಂಗೋಡೆಗೆ ತಾಗಿಸಿ. ಜೇಬಿಗೆ ನೋವಾಯಿತು, ಆದರೆ 98 ಕಿಲೋ ಹೋಯಿತು. ನೀರು 40 ಲೀಟರ್ ಮಾತ್ರ, ಅದೂ ಮುಂದೆ. ನಮ್ಮ ಜಿಲ್ಲೆಯಲ್ಲಿ ನೀರು ಹೊತ್ತು ತಿರುಗುವುದೇ ದಡ್ಡತನ, ಎಲ್ಲಿ ನಿಲ್ಲಿಸಿದರೂ ಒಂದು ಬಾವಿ ಇದೆ. ಹಿಂದೆ ನೇತುಹಾಕಿದ್ದ ಕಬ್ಬಿಣದ ಮೆಟ್ಟಿಲು, ಪೆಟ್ಟಿಗೆ ಸೇರಿ 32 ಕಿಲೋ ತೆಗೆದೆ, ಈಗ ಹತ್ತಲು ಒಂದು ಪ್ಲಾಸ್ಟಿಕ್ ಸ್ಟೂಲ್. ಮತ್ತೆ ತೂಕ ಮಾಡಿಸಿದರೆ ಒಟ್ಟು 2,670. ಮುಂದೆ 1,180, ಹಿಂದೆ 1,490. ಇಳಿಸಿದ್ದು 190, ಆದರೆ ಹಿಂದಿನ ಆಕ್ಸಲಿನಲ್ಲಿ 290 ಕಮ್ಮಿ, ಮುಂದೆ 100 ಜಾಸ್ತಿ. ಏತದ ಲೆಕ್ಕ ಚೀಟಿಯಲ್ಲೇ ಬಂತು.

ಹುಬ್ಬಳ್ಳಿಯಿಂದ ಒಂದೊಂದು ಕಡೆಗೆ ಒಂದೇ ಒಂದು ಪ್ಲೇಟ್ ತರಿಸಿ ಹಾಕಿಸಿದೆ, ಯು ಬೋಲ್ಟ್, ಬುಷ್, ಹಿಂದಿನ ಶಾಕ್ ಎರಡೂ ಹೊಸದು. ಟೇಪ್ ಹಿಡಿದರೆ 53. ಬಂಪ್ ಸ್ಟಾಪ್‌ಗೂ ಆಕ್ಸಲ್ಲಿಗೂ ನಡುವೆ ಈಗ ಅಂಗೈ ಹೋಗುತ್ತದೆ. ಲೈಟ್ ಕೂಡ ಕೆಳಗೆ ಮಾಡಿಸಿದೆ. ಕಡ್ಡಿಯ ಬ್ರಾಕೆಟ್ ಹೊಸದು ಬಂತು, ಉದ್ದವನ್ನು ಈಗಿನ ಎತ್ತರಕ್ಕೆ ಹೊಂದಿಸಿದರು. ಗ್ಯಾರೇಜಿನವರು ಮೊದಲು "ಅದೇನೂ ಆಗಲ್ಲ" ಅಂದರು, ನಾನು ನಿಮ್ಮ ಉತ್ತರವನ್ನೇ ಫೋನಿನಲ್ಲಿ ತೋರಿಸಿದೆ.

ನಿನ್ನೆ ದೇವಿಮನೆ ಇಳಿದೆ, ಎರಡನೇ ಗೇರಿನಲ್ಲಿ. ಹಿಂದಿನಿಂದ ಒಂದು ಕಾರು ಕುಮಟಾದವರೆಗೂ ಹಾರ್ನ್ ಹೊಡೆಯುತ್ತಲೇ ಇತ್ತು. ಕೆಳಗೆ ಇಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ, ಮುಂದೆಯೂ ಬಿಸಿ, ಹಿಂದೆಯೂ ಬಿಸಿ, ವಾಸನೆ ಇಲ್ಲ. ಬೈಂಡಿಂಗ್ ವೈರನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಮನೆಯವಳು ಮುಂದಿನ ಸಲ ಅಣಶಿ ಕಡೆಗಾದರೆ ಬರುತ್ತೇನೆ ಅಂದಿದ್ದಾಳೆ. ಆ ರಸ್ತೆಯಲ್ಲಿ ಕೊಂಬೆಗಳು ಎಷ್ಟು ಎತ್ತರಕ್ಕಿವೆ, ಯಾರಾದರೂ ಈಚೆಗೆ ಹೋಗಿದ್ದೀರಾ? ನನ್ನ ಡಬ್ಬಿ ನೆಲದಿಂದ ಎಂಟೂವರೆ ಅಡಿ.